ಅಂಗಳಕ್ಕೆ ಇಳಿದ ನೀಲಿ ಗ್ಯಾಲಕ್ಸಿ

ನಮ್ಮ ಗೈಡ್ ಬನಹಟ್ಟಿಯ ನಮ್ಮ ಮನೆಗೆ ಊಟಕ್ಕೆ ಬರುತ್ತೇನೆಂದಾಗಲೇ ನನಗೆ ಗೊತ್ತಾಯಿತು: ಊಟ ಬರೀ ನೆಪ. ನನ್ನ ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸಬಹುದೋ, ಇನ್ನೊಂದು ವರ್ಷ ಒದ್ದಾಡಬೇಕೋ ಎಂದು ಅವರು ಅಂದೇ ಹೇಳುವವರಿದ್ದರು.

ನನ್ನ ವಿಷಯ ಒಂದು ಪುಟ್ಟ ಗ್ಯಾಲಕ್ಸಿ. ಅದರಲ್ಲಿ ಹೊಸ ನಕ್ಷತ್ರಗಳು ಒಂದೇ ಸಮನೆ ಹುಟ್ಟುತ್ತಿರುವುದರಿಂದ ನೀಲಿಯಾಗಿ ಕಾಣುತ್ತದೆ. ನಕ್ಷತ್ರಗಳ ಗುಂಪು ಅಂಗೈಯಷ್ಟಾದರೆ ಸುತ್ತಲಿನ ಹೈಡ್ರೋಜನ್ ಅನಿಲ ಹಿಟ್ಟು ನಾದುವ ಪರಾತದಷ್ಟು. ಆ ಅನಿಲಕ್ಕೆ ಒಂದು ಕಡೆ ಉದ್ದನೆಯ ಬಾಲ. ಹೊರಗಿನ ಅನಿಲ ಆ ಬಾಲದ ಮೂಲಕ ಒಳಗೆ ಬೀಳುತ್ತಿರುವುದಕ್ಕೇ ಇಷ್ಟೊಂದು ನಕ್ಷತ್ರಗಳು ಹುಟ್ಟುತ್ತಿವೆ ಎಂಬುದು ನನ್ನ ವಾದ. ಗೈಡ್‌ಗೆ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ.

ಅವ್ವನಿಗೆ ಈ ರಗಳೆ ಯಾವುದೂ ಗೊತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಅನಿಲದ ನಕ್ಷೆ ನೋಡಿ, "ಛಲೋ ಐತಿ ಬೇ, ರಂಗೋಲಿ ಇದ್ದಂಗ ಐತಿ" ಎಂದಿದ್ದವಳು, ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದನ್ನೇ ಬಾಗಿಲ ಮುಂದೆ ಹಾಕಿಬಿಟ್ಟಿದ್ದಳು. ನಡುವೆ ನೀಲಿ, ಸುತ್ತ ಬಿಳಿ ಗೆರೆಗಳು. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಬಾಲದ ತುದಿ ಕಣ್ಣಿಗೆ ಬಿತ್ತು. ನಕ್ಷೆಯಲ್ಲಿ ತೆರೆದಿದ್ದ ಅದನ್ನು ಅವ್ವ ಗೆರೆ ಎಳೆದು ಮುಚ್ಚಿಬಿಟ್ಟಿದ್ದಳು! ಮಹಾಲಿಂಗಪುರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಗೈಡ್ ತಡವಾಗಿ ಬಂದಾರು ಅಂದುಕೊಂಡಿದ್ದೆ. ತಿದ್ದಲು ಬಗ್ಗುವುದರೊಳಗೆ ಎದುರಿಗೇ ನಿಂತಿದ್ದರು.

"ಅಕ್ಕಾರ, ಈ ಬಾಲ ಯಾಕ ಮುಚ್ಚೀರಿ?"

"ರಂಗೋಲಿ ಗೆರಿ ತೆರದ ಬಿಡಬಾರದ್ರಿ. ಮನ್ಯಾಗಿನ ಲಕ್ಷ್ಮಿ ಹೊರಗ ಹೋಗ್ತಾಳ್ರಿ" ಎಂದಳು ಅವ್ವ.

ಗೈಡ್ ನಕ್ಕು ನನ್ನ ಕಡೆ ತಿರುಗಿದರು. "ನಿಮ್ಮವ್ವಗ ಬಂದ ಸಂಶಯನ ನನಗೂ ಐತಿ. ಆ ಅನಿಲ ಹೊರಗ ಹೊಂಟಿಲ್ಲಂತ ಹ್ಯಾಂಗ ಹೇಳ್ತಿ? ಸಿಡಿದ ನಕ್ಷತ್ರ ಅದನ್ನ ಹೊರಗ ದಬ್ಬಿರಬಾರದ್ಯಾಕ?"

ನನಗೆ ರೇಗಿಹೋಯಿತು. ಗುರುಗಳೆಂಬುದನ್ನೂ ಮರೆತು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. "ದಬ್ಬಿದ್ರ ಕಾದಿರತಿತ್ರಿ ಸರ್, ಎಲ್ಲಾ ಕಡೆ ಚೆದುರಿರತಿತ್ತು. ಇದು ತಣ್ಣಗೈತಿ, ಒಂದ ಕಡೆ ಐತಿ. ವೇಗ ನೋಡ್ರಿ, ತುದಿಯಿಂದ ಸಾವಕಾಶ ಬದಲಾಗ್ತ ಬಂದು, ನಡುವಿನ ತಿರುಗೋ ಅನಿಲದಾಗ ಕೂಡತೈತಿ. ಆ ಕೂಡೋ ಜಾಗಾದಾಗ ಎಲ್ಲಾಕಿಂತ ಹೊಸಾ ನಕ್ಷತ್ರ ಅದಾವು!" ಎನ್ನುತ್ತ ಅವ್ವನ ರಂಗೋಲಿಯ ಮೇಲೆಯೇ ಬೆರಳಾಡಿಸಿದೆ. ಒಳಗೆ ರೊಟ್ಟಿಗಳು ಆರುತ್ತಿದ್ದವು.

ಗೈಡ್ ನನ್ನ ಬೆರಳು ಹೋದ ದಾರಿಯನ್ನು ಬಗ್ಗಿ ನೋಡಿದರು. "ಇಷ್ಟ ದಿನ ಇದನ್ನ ಇಷ್ಟ ಜೋರಾಗಿ ಯಾಕ ಹೇಳಲಿಲ್ಲ? ಹಿಂಗ ಬರದು, ಪ್ರಬಂಧ ಕೊಟ್ಟಬಿಡು."

ನಾನು ಓಡಿ ಅವ್ವನನ್ನು ತಬ್ಬಿಕೊಂಡೆ. ಅವಳು ಬಿಡಿಸಿಕೊಂಡು ಕೇಳಿದಳು. "ಅಂದ್ರ, ಅದು ಒಳಗ ಬರಾಕತ್ತೈತೇನು?"

"ಹೂನ್ ಬೇ."

"ಮೊದಲ ಹೇಳಬಾರದೇನು?" ಎಂದು ಗದರಿ, ಅವ್ವ ಬಗ್ಗಿ ತಾನೇ ಮುಚ್ಚಿದ್ದ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ನಾನು ಕಂಡಂತೆ ಅವ್ವ ಬಾಗಿಲ ಮುಂದೆ ಒಂದು ಗೆರೆಯನ್ನು ತೆರೆದು ಬಿಟ್ಟದ್ದು ಅದೇ ಮೊದಲು.