ನಾನೂ ಜಪಾನಿ ಶಾಲೆಗೆ ಸೇರಿದ್ದು

ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ತುಮಕೂರಿನ ಹತ್ತಿರ ರೇಷ್ಮೆ ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ನಾನು ಗುಬ್ಬಿಯ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಮನೆ ಸೇರುವಾಗ ಸಂಜೆಯಾಗುತ್ತಿತ್ತು.

ಕಾರ್ಖಾನೆಗೆ ಜಪಾನಿನಿಂದ ಹೊಸ ಯಂತ್ರ ಬರುವುದಿತ್ತು. ಅದರ ಕೆಲಸ ಕಲಿತು ಬರಲು ಇವರನ್ನು ಎರಡು ವರ್ಷ ಅಲ್ಲಿಗೆ ಕಳಿಸುವುದೆಂದಾಯಿತು. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು. ಮೊದಲ ಆರು ತಿಂಗಳು ಭಾಷೆ ಕಲಿಯಬೇಕು, ಯಾವ ಶಾಲೆ ಬೇಕೋ ನೀವೇ ಆರಿಸಿ ತಿಳಿಸಿ ಎಂದು ಜಪಾನಿನಿಂದ ಎರಡು ಶಾಲೆಗಳ ವಿವರ ಇಂಗ್ಲಿಷಿನಲ್ಲಿ ಬಂತು.

ಇವರು ಮೊದಲನೆಯದಕ್ಕೆ ಮನಸ್ಸು ಮಾಡಿಬಿಟ್ಟಿದ್ದರು. ಉಳಿದುಕೊಳ್ಳುವ ಜಾಗಕ್ಕೆ ಹತ್ತಿರ, ಪಾಠವೆಲ್ಲ ಇಂಗ್ಲಿಷಿನ ಮೂಲಕ. ಎರಡನೆಯದಕ್ಕೆ ಒಂದು ಗಂಟೆ ರೈಲಿನಲ್ಲಿ ಹೋಗಬೇಕು. ಅಲ್ಲಿ ಮೊದಲ ದಿನದಿಂದಲೇ ಬರೀ ಜಪಾನಿಯಲ್ಲೇ ಪಾಠ.

ನಾನು ಕಾಗದವನ್ನು ಕೊನೆಯವರೆಗೂ ಓದಿದೆ. ಮೊದಲನೆಯ ಶಾಲೆಯ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರಗಳಿದ್ದವು. ಹೆಂಡತಿಯರಿಗೆ ವಾರಕ್ಕೊಂದು ದಿನ ಹೂವು ಜೋಡಿಸುವುದು, ಅಡುಗೆ, ಅಂಗಡಿಯಲ್ಲಿ ಆಡಬೇಕಾದ ಮಾತು ಕಲಿಸಲಾಗುವುದು.

"ನಾನು ಇಲ್ಲಿಗೆ ಬರಲ್ಲ," ಅಂದೆ.

"ಯಾಕೇ? ಒಳ್ಳೇದೇ ಆಯ್ತಲ್ಲ. ನಿಂಗೂ ಹೊತ್ತು ಹೋಗುತ್ತೆ."

"ಹೊತ್ತು ಕಳೆಯೋಕೆ ಇಲ್ಲಿ ನಲವತ್ತು ಮಕ್ಕಳಿದಾರೆ ಕಣ್ರೀ. ಆ ಕೆಲಸ ಬಿಟ್ಟು ಹೂವು ಜೋಡಿಸೋಕೆ ಸಮುದ್ರ ದಾಟಬೇಕಾ?"

ಇವರು ಎದ್ದು ಹೋದರು. ಮಾರನೆಯ ದಿನ ನಾನು ಎರಡೂ ಶಾಲೆಗಳಿಗೆ ನನ್ನ ಕೈಬರಹದಲ್ಲೇ ಕಾಗದ ಬರೆದೆ. ಕೇಳಿದ್ದು ಒಂದೇ ಪ್ರಶ್ನೆ: ನನ್ನ ಗಂಡ ಕೂರುವ ತರಗತಿಯಲ್ಲೇ ನಾನೂ ಕೂತು, ಅವರು ಬರೆಯುವ ಪರೀಕ್ಷೆಯನ್ನೇ ಬರೆಯಬಹುದೇ?

ಉತ್ತರಕ್ಕೆ ಕಾಯುತ್ತಿದ್ದ ದಿನಗಳಲ್ಲೇ ವಿಷಯ ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿದ್ದ ಮಾವನವರ ಕಿವಿಗೆ ಬಿತ್ತು. ಒಂದು ಭಾನುವಾರ ತುಮಕೂರಿನ ನಮ್ಮ ಮನೆಗೆ ಬಂದೇಬಿಟ್ಟರು. ಚಾಪೆಯ ಮೇಲೆ ಕೂತವರು ನನ್ನನ್ನು ನೋಡದೆ ಮಗನನ್ನು ಕೇಳಿದರು:

"ಏನ್ಲಾ, ಇವ್ಳೂ ಇಸ್ಕೂಲ್ಗೆ ಹೋಯ್ತಾಳಂತೆ? ಹೆಂಗ್ಸು ಜಪಾನಿ ಕಲ್ತು ಯಾರ್ ಜೊತೆ ಮಾತಾಡ್ತಾಳ್ಲಾ?"

ನಾನು ಬಾಗಿಲ ಬಳಿಯಿಂದ ಮುಂದೆ ಬಂದೆ.

"ಜಪಾನಿನಲ್ಲಿರೋರ ಜೊತೆ, ಮಾವ."

"ಅವ್ನು ಕಲ್ತರೆ ಸಾಲ್ದಾ? ನೀನು ಇಲ್ಲೇ ಇರು. ಎರಡ್ ವರ್ಸ ಏನ್ ಮಹಾ."

"ಇಲ್ಲಿರೋದಾದ್ರೆ ಗುಬ್ಬಿ ಶಾಲೆಗೆ ಹೋಗ್ತಾ ಇರ್ತೀನಿ. ಅಲ್ಲಿಗೆ ಹೋಗೋದಾದ್ರೆ ಅಲ್ಲಿನ ಶಾಲೆಗೆ ಹೋಗ್ತೀನಿ. ಬರೀ ಮನೇಲಿ ಕೂರೋಳಲ್ಲ ನಾನು."

ಮಾವನವರ ಮುಖ ಕೆಂಪಾಯಿತು. ಊಟವನ್ನೇನೋ ಮಾಡಿದರು, ಆದರೆ ಬಸ್ಸು ಹತ್ತುವವರೆಗೂ ನನ್ನೊಡನೆ ಮಾತಾಡಲಿಲ್ಲ. ನಾನು ಆಡಿದ್ದು ತಪ್ಪು ಅಂತ ಮಾತ್ರ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಉತ್ತರಗಳು ಬಂದವು. ಮೊದಲನೆಯ ಶಾಲೆಯವರು ಬಹಳ ನಯವಾಗಿ, ಹೆಂಗಸರ ತರಗತಿಯೇ ನಿಮಗೆ ಹಿತವಾದೀತು ಎಂದು ಬರೆದಿದ್ದರು. ಎರಡನೆಯದರಿಂದ ಬಂದದ್ದು ಮೂರೇ ಸಾಲು. ಬರೆದವರು ಅಲ್ಲಿನ ಒಬ್ಬ ಶಿಕ್ಷಕಿ. ತರಗತಿ ಒಂದೇ, ಪರೀಕ್ಷೆಯೂ ಒಂದೇ. ನಪಾಸಾದರೆ ಗಂಡನಿಗಾಗಲಿ ಹೆಂಡತಿಗಾಗಲಿ ರಿಯಾಯಿತಿ ಇಲ್ಲ.

ಅದನ್ನು ಇವರ ಕೈಗೆ ಕೊಟ್ಟೆ. ಎರಡು ಸಲ ಓದಿದರು.

"ಕಷ್ಟ ಇರುತ್ತೆ ಕಣೇ."

"ಇರಲಿ."

"ನಾನೇ ನಪಾಸಾದ್ರೆ?"

ಆಗ ಗೊತ್ತಾಯಿತು, ಇಷ್ಟು ದಿನ ಇವರನ್ನು ಕಾಡುತ್ತಿದ್ದುದು ಆ ಭಯವೇ ಎಂದು. "ಇನ್ನೊಂದು ಸಲ ಬರೆದರಾಯ್ತು," ಅಂದೆ. ಇವರು ನಕ್ಕು, ಒಪ್ಪಿಗೆಯ ಫಾರಂನಲ್ಲಿ ಎರಡನೆಯ ಶಾಲೆಯ ಹೆಸರು ಬರೆದರು. ಅದರ ಕೆಳಗೆ ಇಬ್ಬರೂ ಸಹಿ ಹಾಕಿದೆವು.

ಇಬ್ಬರೂ ಜಪಾನಿಗೆ ಹೋದೆವು. ಆ ಶಾಲೆ ನಿಜವಾಗಿಯೂ ಕಷ್ಟವಾಗಿತ್ತು. ಒಂದು ತಿಂಗಳು ನನಗೆ ಏನೇನೂ ಅರ್ಥವಾಗಲಿಲ್ಲ. ಚಳಿಗೆ ಬೆರಳು ಸೆಟೆದು ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಶಿಕ್ಷಕಿ ಕೆಂಪು ಮಸಿಯಲ್ಲಿ ತಿದ್ದಿ ಮತ್ತೆ ಬರೆಸುತ್ತಿದ್ದರು. ಮೊದಲ ಪರೀಕ್ಷೆಯಲ್ಲಿ ನಾನು ಪಾಸಾದೆ, ಇವರು ಆಗಲಿಲ್ಲ.

"ಅಪ್ಪನಿಗೆ ಇದೆಲ್ಲ ಬರೀಬೇಡ," ಅಂದರು.

"ನೀವು ಪಾಸಾಗಿ ನಾನು ನಪಾಸಾಗಿದ್ರೆ ಬರೀತಿರಲಿಲ್ವಾ?"

ಇವರು ಪೆನ್ನು ತೆಗೆದುಕೊಂಡು ತಾವೇ ಬರೆದರು, ಇಬ್ಬರ ಫಲಿತಾಂಶವನ್ನೂ. ಮುಂದಿನ ಪರೀಕ್ಷೆಗೆ ಇಬ್ಬರೂ ರೈಲಿನಲ್ಲೇ ಓದಿಕೊಂಡೆವು. ಅದರಲ್ಲಿ ಇವರೂ ಪಾಸಾದರು.

ಕೊತ್ತಗೆರೆಯಿಂದ ಎರಡು ತಿಂಗಳು ಉತ್ತರವಿಲ್ಲ. ಆಮೇಲೆ ಒಂದು ಕಾಗದ ಬಂತು, ಮಗನಿಗಲ್ಲ, ನನ್ನ ಹೆಸರಿಗೆ. ಮಾವನವರು ಆ ವರ್ಷ ಹೊಲದಲ್ಲಿ ಹಿಪ್ಪುನೇರಳೆ ಹಾಕಿದ್ದರಂತೆ. ಅಲ್ಲಿಯವರು ಅದನ್ನು ಎಷ್ಟು ದಿನಕ್ಕೆ ಕೊಯ್ಯುತ್ತಾರೆ, ಏನು ಗೊಬ್ಬರ ಹಾಕುತ್ತಾರೆ, ಜಪಾನಿಯಲ್ಲಿ ಅದಕ್ಕೆ ಏನನ್ನುತ್ತಾರೆ, ಕೇಳಿ ಬರೆ ಎಂದಿದ್ದರು.

ಹತ್ತಿರದ ಒಬ್ಬ ರೈತನ ಮನೆಗೆ ಹೋಗಿ, ತಪ್ಪೋ ಒಪ್ಪೋ ನನ್ನ ಜಪಾನಿಯಲ್ಲೇ ಎಲ್ಲ ಕೇಳಿ ತಿಳಿದುಕೊಂಡೆ. ನಾಲ್ಕು ಪುಟ ಬರೆದೆ. ಹಿಪ್ಪುನೇರಳೆಗೆ 'ಕುವಾ' ಅನ್ನುತ್ತಾರೆ, ಇನ್ನೇನಾದರೂ ಬೇಕಿದ್ದರೆ ನನ್ನನ್ನೇ ಕೇಳಿ ಎಂದು ಕೊನೆಯಲ್ಲಿ ಸೇರಿಸಿದೆ.