ಅಜಾನಿಗೆ ಮುಂಚಿನ ಶರಬತ್ತು

ನನ್ನ ಅಬ್ಬಾ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಲೇತ್ ನಡೆಸಿದವರು. ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ಕಡೆಯುವ ಈ ಮನುಷ್ಯನಿಗೆ ತನ್ನ ಮೈಯ ಅಳತೆ ಮಾತ್ರ ಬೇಡ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿದ್ದರೂ ರಂಜಾನಿನ ಉಪವಾಸ, ಒಂದು ರೋಜಾವನ್ನೂ ತಪ್ಪಿಸಿದವರಲ್ಲ. ಹಠ ಅಂದರೆ ಅಂಥಿಂಥ ಹಠವಲ್ಲ!

ಆ ವರ್ಷ ರಂಜಾನ್ ಆಗಸ್ಟಿನಲ್ಲಿ ಬಂದಿತ್ತು. ರೋಜಾ ಬೇಡವೆಂದರೆ ಇವರು ಕೇಳುವುದಿಲ್ಲವೆಂದು ಗೊತ್ತಿದ್ದ ಡಾಕ್ಟರು, ಮಾತ್ರೆಯನ್ನಾದರೂ ಅದಲುಬದಲು ಮಾಡಿಕೊಳ್ಳಿ ಎಂದಿದ್ದರು. ಬೆಳಗಿನ ದೊಡ್ಡ ಮಾತ್ರೆ ಸಂಜೆ ರೋಜಾ ಬಿಟ್ಟ ಮೇಲೆ, ರಾತ್ರಿಯ ಚಿಕ್ಕದು ನಸುಕಿನ ಸಹರಿ ಊಟಕ್ಕೆ. ಅಬ್ಬಾ ಹೂಂಗುಟ್ಟಿ ಬಂದರು. ಆದರೆ ಬೆಳಗಿನ ಮಾತ್ರೆ ಅಂದಮೇಲೆ ಬೆಳಗ್ಗೆಯೇ ತಾನೇ ಎಂದುಕೊಂಡು ಸಹರಿಗೆ ದೊಡ್ಡದನ್ನೇ ನುಂಗುತ್ತಿದ್ದರು. ಇದು ನಮಗೆ ತಿಳಿದದ್ದು ಆಮೇಲೆ.

ಅವತ್ತು ಸಂಜೆ ಮೋಡ ಕವಿದು ಬೀದಿಯೆಲ್ಲ ತಿಳಿ ಹಳದಿ ಬೆಳಕಿನಲ್ಲಿ ತೇಲುತ್ತಿತ್ತು. ದೂರದ ಶೆಡ್ಡುಗಳ ಗುಂಯ್ ಸದ್ದು ಇದ್ದಕ್ಕಿದ್ದ ಹಾಗೆ ನಿಂತಿತ್ತು, ಕರೆಂಟು ಹೋಗಿರಬೇಕು. ಅಮ್ಮಿ ಪಕ್ಕದ ಮನೆಗೆ ಇಫ್ತಾರ್ ತಟ್ಟೆ ಕೊಡಲು ಹೋಗಿದ್ದಳು, ಹೋದಲ್ಲೇ ಮಾತಿಗೆ ಕೂತಿದ್ದಳು. ಮಸೀದಿಯಿಂದ ಅಜಾನ್ ಕೂಗಿದೊಡನೆ ರೋಜಾ ಬಿಡಲೆಂದು ನಾನು ಖರ್ಜೂರ ಜೋಡಿಸುತ್ತಿದ್ದೆ. ಗೋಡೆಗೊರಗಿ ಕೂತಿದ್ದ ಅಬ್ಬಾ ಮೆಲ್ಲಗೆ ನಕ್ಕರು.

"ಬೇಟಾ, ಮಿಷನ್ ಆಫ್ ಮಾಡು. ದಾದಿ ಬಂದವ್ರೆ, ಸದ್ದಾಗುತ್ತೆ ಅವ್ರಿಗೆ."

ದಾದಿ, ಅಂದರೆ ಅಬ್ಬಾನ ತಾಯಿ, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅಬ್ಬಾ ಬಾಗಿಲ ಬೆಳಕಿನಲ್ಲಿ ಆಕೆಯನ್ನೇ ನೋಡುತ್ತಿದ್ದರು. ಮುಖದಲ್ಲಿ ಎಂಥ ನೆಮ್ಮದಿ! ಒಂದು ಗಳಿಗೆ ನಾನೂ ತಿರುಗಿ ನೋಡಿದೆ, ಸುಳ್ಳೇಕೆ ಹೇಳಲಿ. ಅಬ್ಬಾನ ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು, ಬೆರಳು ನಡುಗುತ್ತಿದ್ದವು. ಸಕ್ಕರೆ ಇಳಿದುಹೋಗಿದೆ, ಇನ್ನು ತಡಮಾಡಿದರೆ ಅಬ್ಬಾ ಕೈಗೆ ಸಿಗುವುದಿಲ್ಲ ಅನ್ನಿಸಿತು.

"ರೋಜಾ ಬಿಡಿ ಅಬ್ಬಾ, ಕಾಯಿಲೆಯವ್ರಿಗೆ ಮಾಫಿ ಇದೆ" ಎಂದು ಶರಬತ್ತಿನ ಲೋಟ ತುಟಿಗೆ ಹಿಡಿದೆ.

"ಅಜಾನ್ ಆಯ್ತಾ?"

"ಇಲ್ಲ, ಆದ್ರೆ..."

ಹಲ್ಲು ಕಚ್ಚಿಕೊಂಡುಬಿಟ್ಟರು. ದಾದಿ ಕಾಣುತ್ತಾಳೆ, ಇಲ್ಲದ ಲೇತಿನ ಸದ್ದು ಕೇಳುತ್ತದೆ, ಆದರೆ ಅಜಾನ್ ಆಗಿಲ್ಲವೆಂಬುದು ಮಾತ್ರ ಈ ಪುಣ್ಯಾತ್ಮನಿಗೆ ನೆನಪಿದೆ! ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಅಜಾನಿಗೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಲೋಟ ಕೆಳಗಿಟ್ಟು, ಅಜಾನ್ ಕೇಳಿದಾಗ ಮಾಡುವಂತೆ ತಲೆಗೆ ದುಪ್ಪಟ್ಟಾ ಹೊದ್ದು, ಅವರ ಪಕ್ಕ ಕೂತೆ.

"ಅಬ್ಬಾ, ಅಜಾನ್ ಆಯ್ತು. ಈಗಷ್ಟೇ ಆಯ್ತು. ನಿಮಗೆ ಕೇಳಿಸ್ಲಿಲ್ವಾ?"

ಒಂಬತ್ತನೇ ವಯಸ್ಸಿನಿಂದ ರೋಜಾ ಇಡುತ್ತಿದ್ದವಳು, ರೋಜಾ ಇಟ್ಟುಕೊಂಡೇ ಹಾಗೆ ಸುಳ್ಳು ಹೇಳಿದ್ದು ಅದೇ ಮೊದಲು. ಅಬ್ಬಾ ನನ್ನ ಮುಖವನ್ನೇ ನೋಡಿದರು. ತುಟಿಯಲ್ಲೇ ದುವಾ ಹೇಳಿಕೊಂಡು ಬಾಯಿ ತೆರೆದರು. ಒಂದು ಲೋಟ ಶರಬತ್ತು ಗುಟುಕು ಗುಟುಕಾಗಿ ಕುಡಿಸಿದೆ, ಖರ್ಜೂರ ಬಿಡಿಸಿ ತಿನ್ನಿಸಿದೆ. ನಡುಕ ನಿಧಾನವಾಗಿ ಇಳಿಯಿತು. ಬಾಗಿಲ ಕಡೆ ನೋಡುವುದನ್ನು ನಿಲ್ಲಿಸಿ, ನೀರು ಕೇಳಿದರು. ನಾನು ಏನೂ ಮುಟ್ಟದೆ ತಟ್ಟೆಯ ಮುಂದೆ ಕೂತಿದ್ದೆ.

ಅಮ್ಮಿ ಒಳಗೆ ಕಾಲಿಡುವುದಕ್ಕೂ ನಿಜವಾದ ಅಜಾನ್ ಶುರುವಾಗುವುದಕ್ಕೂ ಸರಿಹೋಯಿತು. ಅವಳ ಕಣ್ಣು ಖರ್ಜೂರದ ಬೀಜದ ಮೇಲೆ ಬಿತ್ತು.

"ಇದೇನ್ರೀ! ಅಜಾನ್ ಈಗ ಆಗ್ತಿದೆ, ನೀವಾಗ್ಲೇ ತಿಂದು ಕೂತಿದ್ದೀರಾ?"

ಅಬ್ಬಾ ಕಣ್ಣು ಮುಚ್ಚಿ ಅಜಾನ್ ಪೂರ್ತಿ ಕೇಳಿದರು. ಅದು ನಮ್ಮ ಬೀದಿಯ ಮಸೀದಿಯಲ್ಲಿ ಅಜಾನ್ ಕೂಗುವ ಮೋಜಿನ್ ಸಾಬರ ಧ್ವನಿ, ಅಬ್ಬಾ ದಿನವೂ ಕೇಳುವ ಧ್ವನಿ.

"ಅದು ಆಚೆ ಮಸೀದೀದು ಕಣೇ" ಅಂದರು. "ಅವ್ರದ್ದು ಯಾವಾಗ್ಲೂ ಲೇಟು."

"ಇಷ್ಟು ಲೇಟಾ?" ಎಂದು ಗೊಣಗುತ್ತ ಅಮ್ಮಿ ಅಡುಗೆಮನೆಗೆ ಹೋದಳು. ಅಬ್ಬಾ ತಟ್ಟೆಯಿಂದ ಒಂದು ಖರ್ಜೂರ ಎತ್ತಿ, ಬೀಜ ತೆಗೆದು, ನನ್ನ ಬಾಯಿಯ ಹತ್ತಿರ ಹಿಡಿದರು.

"ತಗೋ ಬೇಟಾ" ಅಂದರು. "ಈಗ ನೀನು ರೋಜಾ ಬಿಡು."