ಬೆನ್ನುಮೂಳೆಯ ಬೂಷ್ಟು

ಅಮ್ಮತ್ತಿ ಕಡೆಯ ಎಸ್ಟೇಟ್ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ ಅಲ್ಲಿದ್ದ ಡಾಕ್ಟರು, ರೋಗಿಯ ಬೆನ್ನು ಮುಟ್ಟುವ ಮುನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. “ಸ್ವಲ್ಪ ತಡ್ಕೊ ತಾಯಿ” ಎನ್ನುವುದು ಅವರ ಮಾತು.

ಕಾಫಿ ಕುಯ್ಯುವ ಒಬ್ಬ ಹೆಂಗಸಿಗೆ ಬೆನ್ನುಮೂಳೆಯ ಕ್ಷಯವೆಂದು ತಿಂಗಳುಗಟ್ಟಲೆ ಸೂಜಿ ಚುಚ್ಚಿದೆವು. ಅವಳ ಕಾಲಿನ ಶಕ್ತಿ ಕುಂದುತ್ತಲೇ ಹೋಯಿತು. ಕೊನೆಗೆ ಬೆನ್ನಿನ ಕೀವು ತೆಗೆದು ಪರೀಕ್ಷೆಗೆಂದು ಮೈಸೂರಿಗೆ ಕಳಿಸಿದಾಗ ಅದು ಕ್ಷಯವಲ್ಲ, ಬೂಷ್ಟಿನ ಸೋಂಕು ಎಂದು ತಿಳಿಯಿತು. ಡಾಕ್ಟರು ನೇರವಾಗಿ ಅವಳ ಮಂಚದ ಬಳಿ ಹೋಗಿ ಕೂತರು.

“ನಾನು ಕೊಟ್ಟ ಮದ್ದು ತಪ್ಪಾಯ್ತು ತಾಯಿ. ನಿನ್ನ ಮೂಳೇಲಿ ಬೂಷ್ಟು ಹಿಡಿದಿದೆ. ಬೇರೆ ಮದ್ದು ತರಿಸ್ತೇನೆ.”

ಬೊಂಬಾಯಿಯಿಂದ ಬಂದ ಆ ಮದ್ದು ನರಕ್ಕೆ ಹನಿಹನಿಯಾಗಿ ಇಳಿಯುವಾಗ ಅವಳು ಚಳಿಜ್ವರ ಬಂದು ಮಂಚ ಅಲುಗುವಂತೆ ನಡುಗುತ್ತಿದ್ದಳು. ಬಾಟಲಿ ಮುಗಿಯುವ ತನಕ ಡಾಕ್ಟರು ಅವಳ ಭುಜ ಹಿಡಿದು ಕೂರುತ್ತಿದ್ದರು. ತಡ್ಕೊ ಎಂಬ ಮಾತು ಮಾತ್ರ ಆಗ ಅವರ ಬಾಯಿಂದ ಹೊರಡಲಿಲ್ಲ.

ಸೋಂಕು ನಿಂತಿತು, ಕಾಲಿನ ಶಕ್ತಿ ಮರಳಲಿಲ್ಲ. ಗಂಡ ಅವಳನ್ನು ಕೂಲಿ ಲೈನಿನ ಮನೆಗೆ ಕರೆದೊಯ್ಯಲು ಎತ್ತಿಕೊಂಡಾಗ ಅವಳು ಕೇಳಿದಳು: “ಆವತ್ತು ನಿಜ ಹೇಳಿದ್ರಿ ಡಾಕ್ಟ್ರೇ. ಇವತ್ತೂ ಹೇಳಿ, ನಾನು ಇನ್ನು ನಡೀತೇನಾ?”

“ಇಲ್ಲ ತಾಯಿ.”

ಅವಳು ಗಂಡನ ಕೊರಳಿಗೆ ಕೈ ಬಳಸಿ, “ಹೋಗುವಾ” ಎಂದಳು.